ನಿದ್ದೆಯೊಳಗೆ ಎಚ್ಚರಾದವನು ಯಾವ ಲೆಕ್ಕ?

"ನಿದ್ದೆ ಮಾಡುವವರನ್ನು ಎಬ್ಬಿಸಬಹುದು, ನಿದ್ದೆ ಮಾಡುವವರಂತೆ ನಟಿಸುವವರನ್ನು ಎಬ್ಬಿಸಲಾಗದು."

ಈ ಮಾತು ಕೇಳದ ಕನ್ನಡಿಗರು ಕಡಿಮೆ. ಚರಂಡಿ ಕಟ್ಟಿಕೊಂಡು ಎರಡು ಮಳೆಗಾಲ ಕಳೆದರೂ ತಿರುಗಿ ನೋಡದ ಪಂಚಾಯ್ತಿಗೆ ಇದನ್ನು ಅನ್ನುತ್ತೇವೆ. ಮಗ ದಾರಿ ತಪ್ಪಿದ್ದು ಊರಿಗೆಲ್ಲ ಗೊತ್ತಿದ್ದರೂ ತನಗೊಂದೂ ತಿಳಿಯದೆಂಬಂತೆ ಓಡಾಡುವ ಅಪ್ಪನಿಗೂ ಅನ್ನುತ್ತೇವೆ. ಪತ್ರಿಕೆಗೆ ಬರುವ ವಾಚಕರ ಪತ್ರಗಳಲ್ಲಂತೂ ಇದು ಕೊನೆಯ ಸಾಲಾಗಿ ಕಾಯಂ ಆಗಿಬಿಟ್ಟಿದೆ. ಈ ಮಾತು ಬಂದ ಮೇಲೆ ಎದುರಿನವನಿಗೆ ಹೇಳಲು ಏನೂ ಉಳಿಯುವುದಿಲ್ಲ.

ಗಾದೆ ಮನುಷ್ಯರನ್ನು ಎರಡು ಪಾಲು ಮಾಡುತ್ತದೆ. ಮೊದಲನೆಯವನಿಗೆ ಗೊತ್ತಿಲ್ಲ; ತಟ್ಟಿ ಎಬ್ಬಿಸಿದರೆ ಕಣ್ಣುಜ್ಜಿಕೊಂಡು ಏಳುತ್ತಾನೆ. ಎರಡನೆಯವನಿಗೆ ಎಲ್ಲ ಗೊತ್ತಿದೆ, ಏಳುವ ಮನಸ್ಸಿಲ್ಲ. ಮೊದಲನೆಯವನ ಮೇಲೆ ಕನಿಕರ, ಎರಡನೆಯವನ ಮೇಲೆ ಸಿಟ್ಟು. ಈ ಹಂಚಿಕೆಯ ತಳದಲ್ಲಿ, ಯಾರೂ ಬಾಯಿಬಿಟ್ಟು ಹೇಳದ ಒಂದು ನಂಬಿಕೆ ಕೂತಿದೆ: ಅರಿವು ಬಂದ ಕಡೆ ಹಿಡಿತವೂ ಜೊತೆಗೇ ಬರುತ್ತದೆ, ಗೊತ್ತಿದ್ದವನು ಮಾಡಬಲ್ಲ, ಮಾಡದಿದ್ದರೆ ಬೇಕೆಂದೇ ಮಾಡುತ್ತಿಲ್ಲ. ಈ ನಂಬಿಕೆ ಎಷ್ಟು ಗಟ್ಟಿಯೆಂದು ನೋಡಲು ಗಾದೆಯನ್ನು ಅದು ಹುಟ್ಟಿದ ಜಾಗಕ್ಕೇ, ಅಂದರೆ ಹಾಸಿಗೆಗೇ, ಕರೆದೊಯ್ಯಬೇಕು.

ಸ್ಕೂಲಿಗೆ ಹೊತ್ತಾಗಿದೆ, ಹುಡುಗ ಕಂಬಳಿ ಮುಸುಕೆಳೆದುಕೊಂಡು ಬಿದ್ದಿದ್ದಾನೆ. "ಇನ್ನೂ ಮಲಗಿದ್ದೀಯೇನೋ?" ಎಂದು ಅಜ್ಜಿ ಕೇಳುತ್ತಾಳೆ. "ಹೂಂ ಅಜ್ಜಿ, ಮಲಗಿದ್ದೀನಿ" ಎಂಬ ಉತ್ತರ ಬರುತ್ತದೆ. ಅಲ್ಲಿಗೆ ಹುಡುಗ ಸಿಕ್ಕಿಬಿದ್ದ. ಅಮೆರಿಕದ ತತ್ತ್ವಶಾಸ್ತ್ರಜ್ಞ ನಾರ್ಮನ್ ಮ್ಯಾಲ್ಕಮ್ 1959ರಲ್ಲಿ ಬಂದ ತನ್ನ 'ಡ್ರೀಮಿಂಗ್' ಪುಸ್ತಕದಲ್ಲಿ ಅಜ್ಜಿಯ ಈ ಉಪಾಯವನ್ನೇ ತರ್ಕ ಮಾಡಿ ನಿಲ್ಲಿಸಿದ. 'ನಾನು ನಿದ್ದೆಯಲ್ಲಿದ್ದೇನೆ' ಎಂಬ ತೀರ್ಮಾನಕ್ಕೆ ನಿದ್ದೆಯಲ್ಲಿರುವವನು ಬರಲಾರ. ಹಾಗೆ ತೀರ್ಮಾನಿಸುವಷ್ಟು ಅರಿವಿದ್ದರೆ ಅದನ್ನು ನಿದ್ದೆ ಎನ್ನುವುದೇ ಅಸಂಗತ ಎಂಬುದು ಅವನ ವಾದ. ಗಾದೆ, ಅಜ್ಜಿ, ತತ್ತ್ವಜ್ಞಾನಿ ಮೂವರದೂ ಒಂದೇ ಮಾತಾಯಿತು.

ಕನಸು ಕಂಡವರ ಮಾತು ಮಾತ್ರ ಇದಕ್ಕೆ ಒಪ್ಪುವುದಿಲ್ಲ. ಕನಸಿನಲ್ಲಿ ದೊಡ್ಡಪ್ಪ ಜಗಲಿಯ ಮೇಲೆ ಕೂತು ಎಲೆಅಡಿಕೆ ಹಾಕುತ್ತಿದ್ದಾರೆ. ಮಾತಾಡುತ್ತಿದ್ದಂತೆ ಹೊಳೆಯುತ್ತದೆ: 'ಇವರು ತೀರಿಕೊಂಡು ಎಷ್ಟೋ ವರ್ಷವಾಯಿತಲ್ಲ! ಹಾಗಾದರೆ ಇದು ಕನಸು.' ಹೊಳೆದರೂ ನಿದ್ದೆ ಹರಿಯುವುದಿಲ್ಲ, ದೊಡ್ಡಪ್ಪ ಎದ್ದು ಹೋಗುವುದಿಲ್ಲ. ನಿದ್ದೆಯಲ್ಲಿದ್ದಾಗ ಇದು ಕನಸೆಂದು ಒಳಗೇ ಯಾವುದೋ ಹೇಳುವುದುಂಟು ಎಂದು ಅರಿಸ್ಟಾಟಲನೂ ಗುರುತಿಸಿದ್ದ. ಡಚ್ ವೈದ್ಯ, ಲೇಖಕ ಫ್ರೆಡರಿಕ್ ವಾನ್ ಏಡನ್ 1913ರಲ್ಲಿ ಇದನ್ನು 'ಲೂಸಿಡ್ ಡ್ರೀಮ್' ಎಂದು ಕರೆದ. ನಾವು ಅರಿವಿನ ಕನಸು ಎನ್ನೋಣ. ಇದು ಯೋಗಿಗಳಿಗೆ ಮೀಸಲಾದ ಸಿದ್ಧಿಯೂ ಅಲ್ಲ. ಐವತ್ತು ವರ್ಷಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ 2016ರ ವಿಶ್ಲೇಷಣೆಯೊಂದರ ಪ್ರಕಾರ ಶೇ. 55ರಷ್ಟು ಜನರಿಗೆ ಬದುಕಿನಲ್ಲಿ ಒಮ್ಮೆಯಾದರೂ ಇಂಥ ಕನಸು ಬಿದ್ದಿರುತ್ತದೆ. ಶೇ. 23ರಷ್ಟು ಜನರಿಗೆ ತಿಂಗಳಿಗೊಮ್ಮೆಯೋ ಅದಕ್ಕಿಂತ ಹೆಚ್ಚಾಗಿಯೋ ಬೀಳುತ್ತದೆ.

ನಮ್ಮ ಕಡೆಯ ಚಿಂತನೆಗೆ ಈ ಸ್ಥಿತಿ ಅಪರಿಚಿತವಲ್ಲ. ಮಾಂಡೂಕ್ಯೋಪನಿಷತ್ತು ಜಾಗ್ರತ್, ಸ್ವಪ್ನ, ಸುಷುಪ್ತಿಗಳನ್ನು ಬೇರೆಬೇರೆಯಾಗಿ ಎಣಿಸಿ, ಕನಸು ಕಾಣುವವನಿಗೂ ಒಳಮುಖವಾದ ಪ್ರಜ್ಞೆಯೊಂದನ್ನು ಕೊಟ್ಟಿದೆ. ಬೈಲಕುಪ್ಪೆಯ ಮಠಗಳ ಮೂಲಕ ನಮ್ಮ ನೆರೆಗೇ ಬಂದಿರುವ ಟಿಬೆಟನ್ ಬೌದ್ಧ ಪರಂಪರೆಯಲ್ಲಿ ಸ್ವಪ್ನಯೋಗವೆಂಬ ಸಾಧನೆಯೇ ಇದೆ. ಅಲ್ಲಿ ಕನಸನ್ನು ಕನಸೆಂದು ಗುರುತಿಸುವುದು ಮೊದಲ ಮೆಟ್ಟಿಲು ಮಾತ್ರ. ಕಂಡದ್ದನ್ನು ಬದಲಿಸುವ ಅಭ್ಯಾಸ ಆಮೇಲಿನದು. ಅರಿವನ್ನೂ ಹಿಡಿತವನ್ನೂ ಎರಡು ಬೇರೆ ಪಾಠಗಳಾಗಿ ಕಲಿಸಬೇಕೆಂದು ಆ ಗುರುಗಳಿಗೆ ಗೊತ್ತಿತ್ತು.

ಆದರೂ ಸಂಶಯಗಾರನ ಬಾಯಿ ಮುಚ್ಚಿಸುವುದು ಸುಲಭವಿರಲಿಲ್ಲ. ಬೆಳಿಗ್ಗೆ ಎದ್ದವನು 'ನಾನು ನಿದ್ದೆಯಲ್ಲೇ ಎಚ್ಚರವಾಗಿದ್ದೆ' ಎಂದರೆ ಯಾರು ನಂಬಬೇಕು? ನಡುವೆ ಅರೆಗಳಿಗೆ ಎಚ್ಚರವಾಗಿದ್ದಿರಬಹುದು, ಇಲ್ಲವೇ ನಟಿಸುತ್ತಿರಬಹುದು. ಗಾದೆಯ ಎರಡನೆಯ ಮನುಷ್ಯನೇ ಇವನು ಎಂಬ ಅನುಮಾನ ಅದು. ಇದಕ್ಕೆ ಉತ್ತರ ಸಿಕ್ಕಿದ್ದು ದೇಹದ ಒಂದು ವಿಚಿತ್ರ ಏರ್ಪಾಡಿನಿಂದ. ದಟ್ಟವಾದ ಕನಸುಗಳು ಬೀಳುವ ರೆಮ್ ನಿದ್ದೆಯಲ್ಲಿ ಮಿದುಳಿನ ಕಾಂಡ ಕೈಕಾಲುಗಳ ಸ್ನಾಯುಗಳನ್ನು ಸಡಿಲಬಿಟ್ಟಿರುತ್ತದೆ; ಕನಸಿನಲ್ಲಿ ಓಡಿದವನು ಮಂಚದಿಂದ ಬೀಳದಿರುವುದು ಅದರಿಂದಲೇ. ಉಸಿರಾಟದ ವಪೆ ಮತ್ತು ಕಣ್ಣಿನ ಸ್ನಾಯುಗಳಿಗೆ ಮಾತ್ರ ಈ ಕಟ್ಟು ಇಲ್ಲ. ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ ಕೀತ್ ಹರ್ನ್ ಈ ಸಂದಿಯನ್ನು ಹಿಡಿದ. ಕನಸೆಂದು ಗೊತ್ತಾದ ಕೂಡಲೇ ಕಣ್ಣನ್ನು ಎಡಕ್ಕೂ ಬಲಕ್ಕೂ ಎಣಿಸಿ ಹೊರಳಿಸಬೇಕೆಂದು ಅಲನ್ ವರ್ಸ್ಲಿ ಎಂಬಾತನೊಂದಿಗೆ ಮೊದಲೇ ಒಪ್ಪಂದ ಮಾಡಿಕೊಂಡ. 1975ರ ಏಪ್ರಿಲ್ 12ರ ಬೆಳಿಗ್ಗೆ ವರ್ಸ್ಲಿ ಮಲಗಿದ್ದಂತೆಯೇ ಆ ಸಂಕೇತ ಕಾಗದದ ಮೇಲೆ ಗೀಟಾಗಿ ಮೂಡಿತು. ಮಿದುಳಿನ ಅಲೆ, ಗದ್ದದ ಸ್ನಾಯು ಎರಡೂ ಅವನು ನಿದ್ದೆಯಲ್ಲಿದ್ದಾನೆಂದೇ ಹೇಳುತ್ತಿದ್ದವು. ಸ್ಟ್ಯಾನ್‌ಫರ್ಡ್‌ನ ಸ್ಟೀಫನ್ ಲಬರ್ಜ್ ಸ್ವತಂತ್ರವಾಗಿ ಇದೇ ದಾರಿ ಹಿಡಿದು 1981ರಲ್ಲಿ ಫಲಿತಾಂಶ ಪ್ರಕಟಿಸಿದ. "ಮಲಗಿದ್ದೀಯೇನೋ?" ಎಂಬ ಪ್ರಶ್ನೆಗೆ "ಹೂಂ" ಎಂಬ ಉತ್ತರ ಕೊನೆಗೂ ಪ್ರಾಮಾಣಿಕವಾಗಿ ಬಂದಿತ್ತು.

ಅಲ್ಲಿಗೆ ಮೂರನೆಯ ಮನುಷ್ಯ ಇದ್ದಾನೆಂದು ಖಚಿತವಾಯಿತು. ಅವನ ಕೈಯಲ್ಲಿ ಏನೇನಿದೆ ಎಂಬುದು ಮುಂದಿನ ಪ್ರಶ್ನೆ. ಕನಸೆಂದು ಗೊತ್ತಾದರೆ ಸಾಕು, ಹಾರಬಹುದು, ಬೇಕಾದವರನ್ನು ಕರೆಸಿಕೊಳ್ಳಬಹುದು, ಅಲ್ಲಿ ತಾನೇ ರಾಜ ಎಂಬ ಕಲ್ಪನೆ ಸಿನಿಮಾಗಳಿಂದ ಹಬ್ಬಿದೆ. ವಾನ್ ಏಡನ್ ಬರೆದಿಟ್ಟದ್ದು ಬೇರೆ. 1898ರಿಂದ 1912ರವರೆಗೆ ಇಂಥ 352 ಕನಸುಗಳನ್ನು ದಾಖಲಿಸಿದ್ದ ಅವನು, 1904ರ ಸೆಪ್ಟೆಂಬರಿನ ಒಂದು ಕನಸಿನಲ್ಲಿ ಮೇಜಿನ ಮುಂದೆ ನಿಂತಿದ್ದ. ಇದು ಕನಸೆಂದು ಪೂರ್ತಿ ತಿಳಿದಿತ್ತು. ಸರಿ, ಪ್ರಯೋಗ ಮಾಡೋಣ ಎಂದುಕೊಂಡ. ಗಾಜಿನ ಬಿಲ್ಲೆಯೊಂದನ್ನು ಎರಡು ಕಲ್ಲುಗಳ ಮೇಲಿಟ್ಟು ಮತ್ತೊಂದು ಕಲ್ಲಿನಿಂದ ಹೊಡೆದ, ಒಡೆಯಲಿಲ್ಲ. ವೈನ್ ಲೋಟವನ್ನು ತೆಗೆದುಕೊಂಡು, ಎಚ್ಚರದಲ್ಲಿ ಹೀಗೆ ಮಾಡಿದರೆ ಎಷ್ಟು ಅಪಾಯ ಎಂದು ಯೋಚಿಸುತ್ತಲೇ, ಮುಷ್ಟಿಯಿಂದ ಬಲವಾಗಿ ಗುದ್ದಿದ, ಆಗಲೂ ಒಡೆಯಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಲೋಟ ಒಡೆದಿತ್ತು! ರಂಗದ ಮೇಲೆ ತಡವಾಗಿ ಬಂದ ನಟನಂತೆ ಕಂಡಿತು ಅವನಿಗೆ ಅದು. ಚೂರುಗಳನ್ನು ಕಿಟಕಿಯಾಚೆ ಎಸೆದಾಗ ಸದ್ದು ಕೇಳಿತು, ಎರಡು ನಾಯಿಗಳು ಬೆದರಿ ಓಡಿದ್ದೂ ಕಂಡಿತು. ಆ ನಾಯಿಗಳನ್ನು ಅವನು ಕರೆಸಿರಲಿಲ್ಲ. ಬೇಕೆಂದದ್ದು ತಡವಾಗಿ ಆಯಿತು, ಕೇಳದೇ ಇದ್ದದ್ದು ತಾನಾಗಿ ಬಂತು.

ಹರ್ನ್ ಇನ್ನೊಂದನ್ನು ಗಮನಿಸಿದ. ಕತ್ತಲೆ ಕೋಣೆಯ ಕನಸಿನಲ್ಲಿ ದೀಪದ ಸ್ವಿಚ್ ಒತ್ತಿದರೆ ಬಹಳ ಸಲ ಬೆಳಕು ಬರುವುದಿಲ್ಲ. ಅಭ್ಯಾಸವಿದ್ದವರು ಕನಸಿಗೆ ನೇರ ಆಜ್ಞೆ ಕೊಡುವುದಕ್ಕಿಂತ ಸುತ್ತುದಾರಿ ಹಿಡಿಯುತ್ತಾರೆ: ಗೆಳೆಯನನ್ನು ಕಣ್ಣೆದುರೇ ಪ್ರತ್ಯಕ್ಷ ಮಾಡಲು ಹೆಣಗದೆ, ಅವನು ಬಾಗಿಲಾಚೆ ನಿಂತಿದ್ದಾನೆಂದು ನಂಬಿ ಬಾಗಿಲು ತೆರೆಯುತ್ತಾರೆ. ಸಂಕಲ್ಪಕ್ಕಿಂತ ನಿರೀಕ್ಷೆಯ ಮಾತನ್ನು ಕನಸು ಹೆಚ್ಚು ಕೇಳುತ್ತದೆ. ಅರಿವೂ ಇಡಿಯಾಗಿ ಸಿಗುವುದಿಲ್ಲ. ಇದು ಕನಸು ಎಂದು ಗೊತ್ತಿದ್ದವನೇ, ಕನಸಿನ ಬಸ್ಸು ತಪ್ಪಿಹೋದೀತೆಂದು ಗಾಬರಿಯಾಗಿ ಓಡುವುದುಂಟು. ಖುಷಿ ಹೆಚ್ಚಾದರೆ ನಿದ್ದೆಯೇ ಹಾರಿಹೋಗುತ್ತದೆ. ಇನ್ನು ಕೆಲವೊಮ್ಮೆ 'ಎದ್ದೆ' ಎಂದುಕೊಂಡು ಹಲ್ಲುಜ್ಜಿ ಕಾಫಿಗೆ ಕೂರುವ ಹೊತ್ತಿಗೆ ಅದೂ ಕನಸೇ ಎಂದು ತಿಳಿಯುತ್ತದೆ. ನಿದ್ದೆಯ ನಟನೆ ಮಾಡುವ ಎಚ್ಚರವನ್ನು ಗಾದೆ ಕಂಡಿತ್ತು. ಎಚ್ಚರದ ನಟನೆ ಮಾಡುವ ನಿದ್ದೆ ಇದು.

ಈ ಅರ್ಧರ್ಧದ ಅಳತೆ ಅಂಕಿಗಳಲ್ಲೂ ಸಿಕ್ಕಿದೆ. 2021ರಲ್ಲಿ ಅಮೆರಿಕ, ಫ್ರಾನ್ಸ್, ಜರ್ಮನಿ, ನೆದರ್‌ಲೆಂಡ್ಸ್‌ಗಳ ನಾಲ್ಕು ಪ್ರಯೋಗಾಲಯಗಳು ಒಟ್ಟಾಗಿ 36 ಜನರೊಂದಿಗೆ ನಡೆಸಿದ ಕೆಲಸ ಪ್ರಕಟವಾಯಿತು. ಕರೆನ್ ಕೊಂಕೊಲಿ ಅದರ ಮೊದಲ ಲೇಖಕಿ. ಈ ಸಲ ಮಲಗಿದವರಿಗೆ ಹೊರಗಿನಿಂದ ಪ್ರಶ್ನೆಯನ್ನೇ ಕೇಳಿದರು. ಎಂಟರಲ್ಲಿ ಆರು ಕಳೆದರೆ ಎಷ್ಟು? ಅಮೆರಿಕದ ಒಬ್ಬ ಯುವಕ ನಿದ್ದೆಯಲ್ಲೇ ಎರಡು ಸಲ ಕಣ್ಣು ಹೊರಳಿಸಿ 'ಎರಡು' ಎಂದ. ಪ್ಯಾರಿಸ್ಸಿನಲ್ಲಿ ಒಬ್ಬಾತ ಹೌದು-ಅಲ್ಲ ಎಂಬುದನ್ನು ಮುಖದ ಸ್ನಾಯುಗಳ ಅಲ್ಪ ಸೆಳೆತದಿಂದ ತಿಳಿಸಿದ. ಅರಿವಿನ ಕನಸಿನಲ್ಲಿದ್ದಾರೆಂದು ಸಂಕೇತದಿಂದ ಖಚಿತವಾದ ಮೇಲೆ ಹೀಗೆ 158 ಸಲ ಕೇಳಿದ್ದರು. ಸರಿ ಉತ್ತರ ಬಂದದ್ದು ಶೇ. 18.4ರಷ್ಟು ಸಲ, ತಪ್ಪು ಉತ್ತರ ಶೇ. 3.2ರಷ್ಟು. ಶೇ. 17.7ರಷ್ಟು ಸಲ ಏನೋ ಬಂತು, ಆದರೆ ಅರ್ಥವಾಗಲಿಲ್ಲ. ಉಳಿದ ಶೇ. 60.8ರಷ್ಟು ಸಲ ಬರೀ ಮೌನ.

ಗಾದೆಗೆ ಉತ್ತರ ಕೊಡುವುದು ಈ ಮೌನವೇ. ಇವರು ನಟಿಸುತ್ತಿರಲಿಲ್ಲ, ಉತ್ತರಿಸಬೇಕೆಂದೇ ಒಪ್ಪಿ ಬಂದವರು. ತಾವು ಕನಸಿನಲ್ಲಿದ್ದೇವೆಂಬುದನ್ನು ಸ್ವಲ್ಪ ಮುಂಚೆ ತಾವೇ ಸಾರಿದ್ದರು. ಹಾಗಿದ್ದೂ ಹತ್ತರಲ್ಲಿ ಆರು ಸಲ ಏನೂ ಬರಲಿಲ್ಲ. ಅರಿವು, ಮನಸ್ಸು, ಕೈಗೂಡುವಿಕೆ ಮೂರೂ ಬೇರೆಬೇರೆ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿಲ್ಲ. ದುಃಸ್ವಪ್ನಗಳಿಂದ ನರಳುವವರಿಗೆ ಅರಿವಿನ ಕನಸನ್ನು ಕಲಿಸಿ ನೋಡಿದ ಪ್ರಯೋಗವೂ ಇದೇ ಕಡೆ ಬೆರಳು ತೋರಿಸುತ್ತದೆ. ನೆದರ್‌ಲೆಂಡ್ಸ್‌ನಲ್ಲಿ 23 ಜನರ ಮೇಲೆ ನಡೆದ, 2006ರಲ್ಲಿ ಪ್ರಕಟವಾದ ಆ ಸಣ್ಣ ಅಧ್ಯಯನದಲ್ಲಿ ತರಬೇತಿ ಪಡೆದವರ ಕೆಟ್ಟ ಕನಸುಗಳು ಕಡಿಮೆಯಾದವು. ಆದರೆ ಅದಕ್ಕೆ ಕನಸಿನಲ್ಲಿ ಅರಿವು ಬರಲೇಬೇಕೆಂದಿರಲಿಲ್ಲ. ಅಟ್ಟಿಸಿಕೊಂಡು ಬರುವವನನ್ನು ನಿಂತು ಎದುರಿಸಬಹುದು ಎಂದು ಹಗಲಲ್ಲಿ ರೂಢಿಸಿಕೊಂಡದ್ದೇ ಕೆಲವರಿಗೆ ಸಾಕಾಗಿರಬಹುದು.

ಈಗ ಬೀದಿಗೆ ಬರೋಣ. ಕುಡಿತದಿಂದ ಲಿವರ್ ಹೋಗುತ್ತದೆಂಬುದು ಡಾಕ್ಟರಿಗಿಂತ ಚೆನ್ನಾಗಿ ಕುಡಿಯುವವನಿಗೇ ಗೊತ್ತಿರುತ್ತದೆ. ಸಾಲದ ಮೇಲೆ ಸಾಲ ಮಾಡುವವನಿಗೆ ಬಡ್ಡಿಯ ಲೆಕ್ಕ ಬಾಯಿಪಾಠ. ಹೊಡೆಯುವ ಗಂಡನನ್ನು ಬಿಟ್ಟುಬರದ ಹೆಂಗಸಿಗೆ ತನ್ನ ಪಾಡು ನೆರೆಹೊರೆಯವರು ಹೇಳಬೇಕಾಗಿಲ್ಲ. ಇವರಿಗೆಲ್ಲ ನಾವು 'ನಿದ್ದೆ ಮಾಡುವವರಂತೆ ನಟಿಸುವವರು' ಎಂಬ ಹಣೆಪಟ್ಟಿ ಹಚ್ಚಿಬಿಡುತ್ತೇವೆ, ಏಕೆಂದರೆ ಗಾದೆಯಲ್ಲಿ ಮೂರನೆಯ ಕೋಣೆ ಇಲ್ಲ. ಅವರೇನೋ ಲೋಟವನ್ನು ಗುದ್ದಿಯೇ ಗುದ್ದಿದ್ದಾರೆ. ಅದು ಒಡೆದಿಲ್ಲ.

ಹಾಗೆಂದು ಗಾದೆ ಸುಳ್ಳಲ್ಲ. ನಟಿಸುವವರು ಇದ್ದಾರೆ, ಮೂರನೆಯ ಕೋಣೆ ಕಂಡೊಡನೆ ಅದರೊಳಗೆ ನುಸುಳಲು ಅವರೇ ಮೊದಲು ಬರುತ್ತಾರೆ. 'ಎಲ್ಲ ಗೊತ್ತು ಸ್ವಾಮಿ, ಆದರೆ ನಮ್ಮ ಕೈಯಲ್ಲಿ ಏನಿದೆ?' ಎನ್ನುವುದು ಅಧಿಕಾರದಲ್ಲಿರುವವರ ಮೆಚ್ಚಿನ ಮಾತು. ಇಬ್ಬರನ್ನೂ ಬೇರ್ಪಡಿಸುವ ಒರೆಗಲ್ಲನ್ನು ಪ್ರಯೋಗಾಲಯವೇ ಕೊಟ್ಟಿದೆ. ಹಿಡಿತವಿಲ್ಲದವನಿಗೂ ಒಂದಿಷ್ಟು ಜಾಗ ಉಳಿದಿರುತ್ತದೆ. ಮೈಯೆಲ್ಲ ಕಟ್ಟಿಬಿದ್ದಾಗಲೂ ಕಣ್ಣು ಉಳಿದಂತೆ. ಆ ಜಾಗದಿಂದ ಅವನು ಏನಾದರೊಂದು ಸುಳಿವು ಕೊಡುತ್ತಾನೆ: ಒಂದು ವಾರ ಕುಡಿಯದೆ ಇದ್ದು ಮತ್ತೆ ಸೋಲುತ್ತಾನೆ, ಒಂದು ಕಂತಾದರೂ ಕಟ್ಟುತ್ತಾನೆ, ತವರಿಗೆ ಒಂದು ಫೋನ್ ಮಾಡಿ ಏನೂ ಹೇಳದೆ ಇಡುತ್ತಾಳೆ. ಒಮ್ಮೆ ಕೇಳಿ ಉತ್ತರ ಬರದಿದ್ದರೆ ಅದು ಕಪಟವೆಂದು ಬರೆದುಕೊಳ್ಳುವಂತಿಲ್ಲ. 158 ಸಲ ಕೇಳಿದ್ದರಿಂದಲೇ ಆ ಶೇ. 18.4 ಸಿಕ್ಕಿದ್ದು. ಆದ್ದರಿಂದ ಮತ್ತೆ ಕೇಳಬೇಕು, ಕೇಳುವಾಗ ಕಣ್ಣನ್ನು ನೋಡುತ್ತಿರಬೇಕು. ಕೈಕಾಲು ಸ್ವತಂತ್ರವಿದ್ದೂ ಯಾವ ಸುಳಿವೂ ಕೊಡದವನಿಗೆ ಗಾದೆಯ ಎರಡನೆಯ ಭಾಗವನ್ನು ಧಾರಾಳವಾಗಿ ಅನ್ನಿ. ಅದಕ್ಕೆ ಮೊದಲು ಅಂದರೆ, ಕಣ್ಣು ಮುಚ್ಚಿಕೊಂಡವರು ನಾವಾಗುತ್ತೇವೆ.