ಹೊಳೆಯು ಇಟ್ಟುಹೋದ ಮಣ್ಣು

ಆಧಾರ ವಾಕ್ಯ: 1 ಕೊರಿಂಥ 4 : 7



ನಮಗಿರುವುದರಲ್ಲಿ ಕೊಡಲ್ಪಡದೆ ಬಂದದ್ದು ಏನಾದರೂ ಉಂಟೋ ಎಂದು ಪೌಲನು ಕೊರಿಂಥದ ಸಭೆಯವರನ್ನು ವಿಚಾರಿಸುತ್ತಾನೆ. ಹೊಳೆಯ ಮಗ್ಗುಲಲ್ಲಿ ಬೇಸಾಯಮಾಡುವ ನಮಗೆ ಈ ಪ್ರಶ್ನೆಯ ಅರ್ಥವನ್ನು ಹೊಳೆಯೇ ಕಲಿಸುತ್ತದೆ.

ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿದ ಕಾವೇರಿಯು ಪಿರಿಯಾಪಟ್ಟಣದ ಸೀಮೆಯನ್ನು ಮುಟ್ಟಿ ಕೃಷ್ಣರಾಜನಗರದ ಕಡೆಗೆ ಬರುತ್ತದೆ. ಲಕ್ಷ್ಮಣತೀರ್ಥವೂ ಕೊಡಗಿನಿಂದಲೇ ಹುಣಸೂರಿಗೆ ಬರುತ್ತದೆ. ಕಪಿಲೆಯು ವಯನಾಡಿನಿಂದ ಹೆಗ್ಗಡದೇವನಕೋಟೆಗೆ ಇಳಿಯುತ್ತದೆ. ಮಳೆಗಾಲದಲ್ಲಿ ಇವುಗಳ ನೀರು ಕೆಂಪಾಗುವುದನ್ನು ನೀವು ನೋಡಿದ್ದೀರಿ. ಆ ಕೆಂಪು ಯಾವುದು? ಮೇಲಣ ಬೆಟ್ಟಗಳ, ಹೊಲಗಳ ಮಣ್ಣೇ. ರಭಸದ ನೀರು ಮಣ್ಣನ್ನು ಹೊರುತ್ತದೆ. ಅದರೊಡನೆ ಉರುಳುವ ಮರಳೂ ಕಲ್ಲೂ ಉಳಿಯಂತೆ ಬಂಡೆಯನ್ನು ಸವೆಯಿಸುತ್ತವೆ. ಚುಂಚನಕಟ್ಟೆಯಲ್ಲಿ ಸುಮಾರು 20 ಮೀಟರ್ ಧುಮುಕುವ ಕಾವೇರಿಯು ಹೀಗೆಯೇ ಬಂಡೆಗಳ ನಡುವೆ ಕೆಲಸಮಾಡುತ್ತದೆ. ನೀರು ನಿಧಾನವಾದಾಗಲಾದರೋ ಹೊತ್ತದ್ದನ್ನು ಇಳಿಸುತ್ತದೆ: ಮೊದಲು ಕಲ್ಲು, ಬಳಿಕ ಮರಳು, ಕಡೆಗೆ ನುಣುಪಾದ ಮೆಕ್ಕಲು ಮಣ್ಣು. 1911ರಲ್ಲಿ ಕಟ್ಟಲಾರಂಭಿಸಿದ ಕೃಷ್ಣರಾಜಸಾಗರದ ನಿಂತ ನೀರಿನಲ್ಲಿ ಹೂಳು ತಂಗುವುದು ಇದರಿಂದಲೇ.

ಹೊಳೆಯು ತಿರುಗುವ ಸ್ಥಳದಲ್ಲಿ ನಿಂತು ನೋಡಿರಿ. ಹೊರಮಗ್ಗುಲಲ್ಲಿ ನೀರು ರಭಸದಿಂದ ತಗಲಿ ದಡವನ್ನು ಕೊರೆಯುತ್ತದೆ; ಒಳಮಗ್ಗುಲಲ್ಲಿ ಮೆಲ್ಲಗೆ ಹರಿದು ಮಣ್ಣನ್ನು ಇಡುತ್ತದೆ. ಒಬ್ಬನ ಹೊಲವು ವರುಷವರುಷಕ್ಕೂ ಕಿರಿದಾಗುತ್ತದೆ. ಕೆಳಗಣ ತಿರುವಿನಲ್ಲಿ ಮತ್ತೊಬ್ಬನ ಹೊಲವು ಫಲವತ್ತಾಗುತ್ತದೆ. ಇವನು ಹೆಚ್ಚು ದುಡಿದನೆಂದಲ್ಲ, ಅವನು ಹೆಚ್ಚು ಪಾಪಮಾಡಿದನೆಂದೂ ಅಲ್ಲ. 2019ನೆಯ ಆಗಸ್ಟ್ ತಿಂಗಳಲ್ಲಿ ಲಕ್ಷ್ಮಣತೀರ್ಥವು ದಡಮೀರಿ ಹುಣಸೂರಿನ ಮನೆಗಳಿಗೆ ನುಗ್ಗಿದಾಗ, ನೆನೆದ ಮನೆಯವರು ನೆನೆಯದ ಮನೆಯವರಿಗಿಂತ ಕೆಟ್ಟವರಾಗಿದ್ದರೋ? ಸಿಲೋವದ ಬುರುಜು ಬಿದ್ದು ಸತ್ತವರ ವಿಷಯದಲ್ಲಿ ಹಾಗೆ ಎಣಿಸಬಾರದೆಂದು ಕರ್ತನೇ ಬೋಧಿಸಿದನಲ್ಲವೇ?

ಆದಕಾರಣ, ಒಳ್ಳೇ ಮಣ್ಣುಳ್ಳವನೇ, ಹೆಚ್ಚಳಪಡಬೇಡ. ನೀನು ಉಳುವ ಮೆಕ್ಕಲು ಒಂದಾನೊಂದು ಕಾಲದಲ್ಲಿ ಮತ್ತೊಬ್ಬನ ಹೊಲವಾಗಿತ್ತು. ದಡ ಕುಸಿದ ನೆರೆಯವನಿಗೆ ಬಡ್ಡಿಯಿಲ್ಲದೆ ಬಿತ್ತನೆಯ ಕಾಳು ಕೊಡು. ಒಂದು ದಿವಸದ ಆಳಾಗಿ ಅವನ ಬದುವಿಗೆ ಹೋಗು. ಇದು ಧರ್ಮಕೊಟ್ಟಂತಲ್ಲ, ಸಾಲ ತೀರಿಸಿದಂತೆ. ದಡ ಕಳೆದುಕೊಂಡವನೇ, ದೇವರು ನಿನ್ನನ್ನು ಕೈಬಿಟ್ಟನೆಂದು ಎದೆಗುಂದಬೇಡ.

ಇಬ್ಬರೂ ಕೂಡಿ ದಡವನ್ನು ಕಾಯಿರಿ. ನೀರಿನ ಅಂಚಿನ ತನಕ ನೇಗಿಲು ಹೂಡಬೇಡಿರಿ. ಹೊಂಗೆಯನ್ನೂ ಹುಲ್ಲನ್ನೂ ಬೆಳೆಯಬಿಡಿರಿ, ಯಾಕಂದರೆ ಬೇರು ಮಣ್ಣನ್ನು ಹಿಡಿಯುತ್ತದೆ. ಹಣದಾಸೆಗೆ ಹೊಳೆಯ ಮರಳನ್ನು ತೋಡಿ ಮಾರಬೇಡಿರಿ. ಪಾತ್ರವು ಆಳವಾದರೆ ದಡವು ತಾನೇ ಬೀಳುತ್ತದೆ, ಬೀಳುವುದು ನೆರೆಯವನ ಹೊಲವೇ ಆಗಿದ್ದೀತು. ಕೊಟ್ಟಾತನು ಲೆಕ್ಕ ಕೇಳುವ ದಿನದಲ್ಲಿ ನಮ್ಮ ಕೈಗಳಲ್ಲಿ ಸಹೋದರನ ಮಣ್ಣು ಕಾಣದಿರಲಿ. ಆಮೆನ್.