ಕೆಂಪು ಬಳಿದ ಬಾವಿ

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ನನ್ನ ತಂಗಿಯ ಮಗ ಈ ಸಲ ಈದ್‌ಗೆ ಊರಿಗೆ ಬಂದಾಗ ಅಂಗೈ ಅಗಲದ ಸರ್ಕ್ಯೂಟ್ ಬೋರ್ಡೊಂದನ್ನು ತಂದಿದ್ದ. ಬೋರ್‌ವೆಲ್ ಮೋಟಾರಿನ ಪ್ಯಾನೆಲ್ ಪೆಟ್ಟಿಗೆಯೊಳಗೆ ಕೂರಿಸುವಂಥದ್ದು. "ಇದರ ಮೇಲೆ ಏನು ಬಳಿದಿದ್ದೇವೆ ಹೇಳಿ ಮಾಮು" ಎಂದ. ನನ್ನ ಕಣ್ಣಿಗೆ ಏನೂ ಕಾಣಲಿಲ್ಲ. ಕೋಣೆಯ ದೀಪ ಆರಿಸಿ, ಅಂಗಡಿಯವರು ಖೋಟಾ ನೋಟು ಹಿಡಿಯಲು ಇಟ್ಟುಕೊಳ್ಳುವ ನೇರಳೆ ದೀಪವನ್ನು ಅದರ ಮೇಲೆ ಹಿಡಿದ. ಇಡೀ ಬೋರ್ಡು ನೀಲಿಯಾಗಿ ಹೊಳೆಯಿತು.

ಅದೊಂದು ಪಾರದರ್ಶಕ ಲೇಪ. ದಪ್ಪ ಹೆಚ್ಚುಕಡಿಮೆ ನಮ್ಮ ತಲೆಗೂದಲಿನಷ್ಟು. ಎಲ್ಲಿಯಾದರೂ ಲೇಪ ಹತ್ತದೆ ಉಳಿದಿದ್ದರೆ ಗೊತ್ತಾಗಲೆಂದು ಅದರಲ್ಲಿ ಹೊಳೆಯುವ ಬಣ್ಣ ಬೆರೆಸಿರುತ್ತಾರಂತೆ. ತೇವ, ಧೂಳು, ಉಪ್ಪಿನಂಶ ಇವು ಸೇರಿದರೆ ಬೋರ್ಡಿನ ಮೇಲಿನ ಲೋಹ ಸ್ವಲ್ಪಸ್ವಲ್ಪವೇ ಕರಗಿ, ಒಂದು ಗೆರೆಯಿಂದ ಪಕ್ಕದ ಗೆರೆಗೆ ಬೇರು ಬಿಟ್ಟಂತೆ ಬೆಳೆದು ಶಾರ್ಟ್ ಆಗುತ್ತದೆ. ಅದನ್ನು ತಡೆಯುವುದು ಈ ಲೇಪದ ಕೆಲಸ. ಇದಕ್ಕಿಂತ ನಾಜೂಕಾದದ್ದು ಪ್ಯಾರಿಲೀನ್. 1947ರಲ್ಲಿ ಮ್ಯಾಂಚೆಸ್ಟರಿನಲ್ಲಿ ಮೈಕೆಲ್ ಶ್ವಾರ್ಟ್ಸ್ ಎಂಬ ರಸಾಯನ ವಿಜ್ಞಾನಿಗೆ ದೊರೆತ ವಸ್ತು ಅದು. ಗಾಳಿ ತೆಗೆದ ಪೆಟ್ಟಿಗೆಯೊಳಗೆ ಆವಿಯಾಗಿ ಬಂದು, ಸಂದುಗೊಂದುಗಳಿಗೆಲ್ಲ ಇಳಿದು ಪೊರೆಯಂತೆ ಕೂರುತ್ತದೆ. ಎದೆಯೊಳಗೆ ಇಡುವ ಪೇಸ್‌ಮೇಕರ್‌ಗಳಲ್ಲೂ ಅದನ್ನು ಬಳಸುತ್ತಾರೆ. ಹುಡುಗ ಉತ್ಸಾಹದಿಂದ ಹೇಳುತ್ತಲೇ ಇದ್ದ.

ಮಂಚದ ಮೇಲೆ ಕುಳಿತಿದ್ದ ಅಮ್ಮಿ ಎಲ್ಲವನ್ನೂ ಕೇಳಿಸಿಕೊಂಡು, "ಪೆಟ್ಟಿಗೆಗೆ ತೇವ ತಾಗಬಾರದು ಅಂತ ಇಷ್ಟು ಓದಿದವರೆಲ್ಲ ಕೂತು ಯೋಚನೆ ಮಾಡಿದ್ದಾರೆ. ಆ ಪೆಟ್ಟಿಗೆ ಎತ್ತಿಕೊಡೋ ನೀರಿನಲ್ಲಿ ಏನಿದೆ ಅಂತ ನೋಡೋರು ಯಾರು ಬೇಟಾ?" ಎಂದರು. ಪ್ರಶ್ನೆ ಮೊಮ್ಮಗನಿಗೆ. ಕಣ್ಣು ನನ್ನ ಕಡೆಗಿತ್ತು. ಅದರ ಕಾರಣವನ್ನು ಆಮೇಲೆ ಹೇಳುತ್ತೇನೆ.

ಅಂದಿನಿಂದ ನನ್ನ ತಲೆಯಲ್ಲಿ ಎರಡು ಬಗೆಯ ಆವಿಷ್ಕಾರಗಳು ಕುಳಿತಿವೆ. ಒಂದು ಮುಚ್ಚಿ ಕಾಪಾಡುವಂಥದ್ದು, ಇನ್ನೊಂದು ತೆರೆದು ತೋರಿಸುವಂಥದ್ದು. ಮುಚ್ಚುವುದರಲ್ಲಿ ಯಾರಿಗೂ ತೊಂದರೆಯಿಲ್ಲ. ಬಳಿದು ಮುಗಿಸಿದರೆ ಬಳಿದವನು ಮನೆಗೆ ಹೋಗಬಹುದು. ತೋರಿಸುವುದು ಹಾಗಲ್ಲ. ತೋರಿಸಿದವನನ್ನೂ ನೋಡಿದವನನ್ನೂ ಅದು ಸುಮ್ಮನೆ ಬಿಡುವುದಿಲ್ಲ.

ವಿಷವನ್ನು ತೋರಿಸುವ ವಿದ್ಯೆ ಒಂದು ಸೋಲಿನಿಂದ ಹುಟ್ಟಿತು. 1833ರಲ್ಲಿ ಇಂಗ್ಲೆಂಡಿನಲ್ಲಿ ಒಬ್ಬ ಯುವಕನ ಮೇಲೆ, ಅಜ್ಜನ ಕಾಫಿಗೆ ಆರ್ಸೆನಿಕ್ ಬೆರೆಸಿ ಕೊಂದನೆಂಬ ಆರೋಪ ಬಂತು. ಉರ್ದುವಿನಲ್ಲಿ ಸಂಖಿಯಾ, ಕನ್ನಡದಲ್ಲಿ ಪಾಷಾಣ ಎನ್ನುವ ವಿಷ ಅದು. ವೂಲ್ವಿಚ್‌ನ ಶಸ್ತ್ರಾಗಾರದಲ್ಲಿ ಕೆಲಸಕ್ಕಿದ್ದ ಜೇಮ್ಸ್ ಮಾರ್ಷ್ ಎಂಬ ರಸಾಯನ ತಜ್ಞ ಪರೀಕ್ಷೆ ಮಾಡಿ ಹಳದಿ ಗಸಿಯನ್ನು ಕಂಡ. ಆದರೆ ಅದನ್ನು ಜ್ಯೂರಿಯ ಮುಂದಿಡುವ ಹೊತ್ತಿಗೆ ಅದು ಕೆಟ್ಟುಹೋಗಿತ್ತು. ಆರೋಪಿ ಬಿಡುಗಡೆಯಾದ. ಮುಂದೆ ತಾನೇ ಕೊಂದದ್ದೆಂದು ಒಪ್ಪಿಕೊಂಡ. ಈ ಅವಮಾನ ಮಾರ್ಷ್‌ನನ್ನು ಕಾಡಿತು. ಮೂರು ವರ್ಷ ಕಳೆದು 1836ರಲ್ಲಿ ಹೊಸ ವಿಧಾನವನ್ನು ಪ್ರಕಟಿಸಿದ. ಅನುಮಾನದ ವಸ್ತುವಿಗೆ ಸತು ಮತ್ತು ಆಮ್ಲ ಸೇರಿಸಿದರೆ ಆರ್ಸೆನಿಕ್ ಅನಿಲವಾಗಿ ಹೊರಬರುತ್ತದೆ. ಆ ಅನಿಲವನ್ನು ಉರಿಸಿ ಜ್ವಾಲೆಗೆ ತಣ್ಣನೆಯ ಪಿಂಗಾಣಿ ಹಿಡಿದರೆ ಕಪ್ಪಗೆ ಹೊಳೆಯುವ ಕಲೆ ಕೂರುತ್ತದೆ. ಅದನ್ನು ಯಾರು ಬೇಕಾದರೂ ನೋಡಬಹುದು. 1879ರಲ್ಲಿ ಗುಟ್ಸೈಟ್ ಎಂಬಾತ ಅದೇ ಅನಿಲವನ್ನು ಔಷಧ ಸವರಿದ ಕಾಗದದ ಮೇಲೆ ಹಾಯಿಸಿ ಬಣ್ಣ ಬರಿಸಿದ. ಇಂದು ಹಳ್ಳಿಗಳಲ್ಲಿ ನೀರಿನ ಆರ್ಸೆನಿಕ್ ನೋಡಲು ಬಳಸುವ ಕಿಟ್ ಇದರದೇ ಮೊಮ್ಮಗು. ಒಂದು ಶೀಸೆ, ಎರಡು ಪುಡಿ, ಮುಚ್ಚಳದಲ್ಲೊಂದು ಕಾಗದದ ಪಟ್ಟಿ. ಅರ್ಧ ಗಂಟೆಯೊಳಗೆ ಪಟ್ಟಿ ಬಿಳಿಯಾಗೇ ಉಳಿಯುತ್ತದೆ, ಇಲ್ಲವೇ ಹಳದಿಯಾಗುತ್ತದೆ, ವಿಷ ಹೆಚ್ಚಿದ್ದಷ್ಟೂ ಕಂದಾಗುತ್ತ ಹೋಗುತ್ತದೆ. ಪ್ರಯೋಗಾಲಯ ಬೇಡ, ಕರೆಂಟೂ ಬೇಡ.

ಮಾರ್ಷ್‌ಗೆ ಹಿಡಿಯಬೇಕಿದ್ದದ್ದು ಒಬ್ಬ ಕೊಲೆಗಾರನನ್ನು. ಒಂದೂವರೆ ಶತಮಾನದ ಬಳಿಕ ಬಂಗಾಳದ ನೆಲದಲ್ಲಿ ಅದೇ ವಿಷ ಸಿಕ್ಕಿದಾಗ ಕೊಲೆಗಾರನೇ ಇರಲಿಲ್ಲ. ಹಿಮಾಲಯದಿಂದ ನದಿಗಳು ಹೊತ್ತು ತಂದ ಮಣ್ಣಿನಲ್ಲಿದ್ದ ಆರ್ಸೆನಿಕ್ ಅಂತರ್ಜಲಕ್ಕೆ ಇಳಿದಿತ್ತು. ಆ ನೀರನ್ನು ಮೇಲೆತ್ತಿದವರು ಒಳ್ಳೆಯವರೇ. ಕೆರೆಕುಂಟೆಗಳ ನೀರು ಕುಡಿದು ಮಕ್ಕಳು ವಾಂತಿಭೇದಿಯಿಂದ ಸಾಯುತ್ತಿದ್ದುದನ್ನು ಕಂಡು, 1970ರ ದಶಕದಿಂದ ಯುನಿಸೆಫ್ ಮತ್ತು ಬಾಂಗ್ಲಾದೇಶದ ಸರ್ಕಾರ ಕೊಳವೆ ಬಾವಿಗಳನ್ನು ಕೊರೆಸಿದವು. ಜನರೂ ಸ್ವಂತ ಹಣದಿಂದ ಕೊರೆಸಿಕೊಂಡರು. ಪಶ್ಚಿಮ ಬಂಗಾಳದಲ್ಲಿ 1983ರ ಸುಮಾರಿಗೆ ಕೋಲ್ಕತ್ತಾದ ಚರ್ಮವೈದ್ಯ ಕೆ.ಸಿ. ಸಹಾ ರೋಗಿಗಳ ಅಂಗೈ ಅಂಗಾಲಿನ ಗಂಟುಗಳನ್ನೂ ಮೈಮೇಲಿನ ಕಪ್ಪು ಮಚ್ಚೆಗಳನ್ನೂ ಗುರುತಿಸಿದರು. ಜಾದವ್‌ಪುರ ವಿಶ್ವವಿದ್ಯಾಲಯದ ದೀಪಂಕರ ಚಕ್ರವರ್ತಿ ಊರೂರು ತಿರುಗಿ ನೀರು ಸಂಗ್ರಹಿಸಿ ಕೂಗಿ ಹೇಳಿದರು. ಬಾಂಗ್ಲಾದೇಶದ ಬಾವಿಗಳಲ್ಲಿ ಅದು ಪತ್ತೆಯಾದದ್ದು 1993ರಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಬಂದ ಲೇಖನವೊಂದು, ಹನ್ನೆರಡೂವರೆ ಕೋಟಿ ಜನರ ಆ ದೇಶದಲ್ಲಿ ಮೂರೂವರೆ ಕೋಟಿಯಿಂದ ಏಳು ಕೋಟಿ ಎಪ್ಪತ್ತು ಲಕ್ಷದವರೆಗೆ ಜನ ಅಪಾಯದಲ್ಲಿದ್ದಾರೆಂದು ಅಂದಾಜಿಸಿ, ಇದನ್ನು ಇತಿಹಾಸದ ಅತಿದೊಡ್ಡ ಸಾಮೂಹಿಕ ವಿಷಪ್ರಾಶನವೆಂದು ಕರೆಯಿತು.

ಆಮೇಲೆ ಕಿಟ್‌ಗಳು ಹಳ್ಳಿಗಳಿಗೆ ಬಂದವು. ಕೆಲವೇ ವರ್ಷಗಳಲ್ಲಿ ಸುಮಾರು 50 ಲಕ್ಷ ಬಾವಿಗಳ ಪರೀಕ್ಷೆಯಾಯಿತು. ಲೀಟರಿಗೆ 50 ಮೈಕ್ರೊಗ್ರಾಂಗಿಂತ ಕಡಿಮೆಯಿದ್ದರೆ ಪಂಪಿನ ಮೂತಿಗೆ ಹಸಿರು, ಹೆಚ್ಚಿದ್ದರೆ ಕೆಂಪು. ಸುಮಾರು 14 ಲಕ್ಷ ಬಾವಿಗಳು ಕೆಂಪಾದವು.

ಒಂದು ಅಂಗಳದ ಬಾವಿ ಕೆಂಪು, ನಾಲ್ಕು ಮಾರು ಆಚೆಯ ಪಕ್ಕದ ಅಂಗಳದ್ದು ಹಸಿರು. ನೆಲದೊಳಗಿನ ಆರ್ಸೆನಿಕ್ ಹಾಗೆ ಹರಡಿಕೊಂಡಿರುತ್ತದೆ. ಈಗ ಆ ಮನೆಯ ಸೊಸೆ ಏನು ಮಾಡಬೇಕು? ದಿನಕ್ಕೆ ನಾಲ್ಕು ಸಲ ಬೇರೆಯವರ ಅಂಗಳಕ್ಕೆ ಕೊಡ ಹೊತ್ತು ಹೋಗಬೇಕು. ಆ ಮನೆಯವರೊಂದಿಗೆ ಜಗಳವಿದ್ದರೆ? ಹಸಿರು ಬಾವಿಯ ಯಜಮಾನಿ ಒಂದು ದಿನ ಮುಖ ಗಂಟು ಹಾಕಿಕೊಂಡರೆ? ನೀರಿನ ಪ್ರಶ್ನೆ ಅಲ್ಲಿಗೆ ಮರ್ಯಾದೆಯ ಪ್ರಶ್ನೆಯಾಗುತ್ತದೆ. ಮೈಮೇಲೆ ಮಚ್ಚೆ ಬಂದ ಹೆಣ್ಣುಮಕ್ಕಳಿಗೆ ಸಂಬಂಧ ಕೂಡಿಬರದಿದ್ದುದು, ಮದುವೆಯಾದವರನ್ನು ತವರಿಗೆ ಅಟ್ಟಿದ್ದು ಎಲ್ಲವೂ ನಡೆದಿವೆ. ಇಷ್ಟಾದರೂ ಬಣ್ಣ ವ್ಯರ್ಥವಾಗಲಿಲ್ಲ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದವರು ಆರೈಹಜಾರ್ ಎಂಬಲ್ಲಿ ಮನೆಮನೆಗೆ ಹೋಗಿ ತಿಳಿಸಿ ಹೇಳಿದಾಗ, ಕೆಟ್ಟ ಬಾವಿಯಿದ್ದ ಕುಟುಂಬಗಳಲ್ಲಿ ಅರ್ಧಕ್ಕೂ ಹೆಚ್ಚು ಬೇರೆ ಬಾವಿಗೆ ಹೋದವು. ಮರ್ಯಾದೆಯನ್ನು ಬದಿಗಿಟ್ಟು ಹೋದ ಆ ಸೊಸೆಯರ ಬಗ್ಗೆ ಯಾರಾದರೂ ಕಥೆ ಬರೆಯಬೇಕು.

ಆದರೆ ಬಣ್ಣಕ್ಕೂ ಆಯುಷ್ಯವಿದೆ. ಬಿಸಿಲುಮಳೆಗೆ ಕೆಂಪು ಹಸಿರು ಎರಡೂ ಮಾಸಿದವು. ಬಣ್ಣ ಬಳಿದ ಮೇಲೆ ಲಕ್ಷಾಂತರ ಹೊಸ ಬಾವಿಗಳು ಬಂದವು, ಅವುಗಳನ್ನು ಪರೀಕ್ಷಿಸಲು ಬಹುಕಾಲ ಹೆಚ್ಚಿನವರು ಬರಲಿಲ್ಲ. ಕಿಟ್‌ಗಳೂ ತಪ್ಪಿದವು. 2002ರಲ್ಲಿ ಚಕ್ರವರ್ತಿಯವರ ತಂಡವೇ, ಕೆಂಪಾಗಬೇಕಿದ್ದ ಬಾವಿಗಳು ಹಸಿರಾಗಿರುವುದನ್ನೂ ಹಸಿರಾಗಬೇಕಿದ್ದವು ಕೆಂಪಾಗಿರುವುದನ್ನೂ ತೋರಿಸಿತು. ಅವಸರದ ಪರೀಕ್ಷೆಯ ಹಸಿರನ್ನು ನಂಬಿ ನಿಶ್ಚಿಂತೆಯಿಂದ ಕುಡಿದವನ ಪಾಡನ್ನು ಯೋಚಿಸಿ. ಸರ್ಕಾರ ಆಳದ ಸುರಕ್ಷಿತ ಬಾವಿಗಳನ್ನು ಕೊರೆಸಿದಾಗ ಅವುಗಳಲ್ಲಿ ಅನೇಕವು ರಾಜಕಾರಣಿಗಳ ಬಂಧುಬಳಗದವರ ಅಂಗಳ ಸೇರಿದವೆಂದು 2016ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ವರದಿ ಮಾಡಿತು. ಎರಡು ಕೋಟಿ ಜನ ಇನ್ನೂ ಕೆಟ್ಟ ನೀರನ್ನೇ ಕುಡಿಯುತ್ತಿದ್ದಾರೆಂದೂ ಅದು ಹೇಳಿತ್ತು.

ಹಾಗಾದರೆ ಬೇರೆ ನೀರು ಕೊಡಲಾಗದವನು ಪರೀಕ್ಷೆ ಮಾಡದಿರುವುದೇ ಮೇಲಲ್ಲವೇ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆ ಒಮ್ಮೆ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. 1992ರಲ್ಲಿ ಬ್ರಿಟಿಷ್ ಭೂಗರ್ಭ ಸಮೀಕ್ಷಾ ಸಂಸ್ಥೆ ಬಾಂಗ್ಲಾದೇಶದ ಬಾವಿಗಳ ನೀರನ್ನು ಪರೀಕ್ಷಿಸಿ ವರದಿ ಕೊಟ್ಟಿತ್ತು. ಹಲವು ಧಾತುಗಳನ್ನು ಹುಡುಕಿದ ಅವರು ಆರ್ಸೆನಿಕ್ಕನ್ನು ಹುಡುಕಿರಲಿಲ್ಲ. ವರದಿ ಓದಿದವರು ನೀರು ಒಳ್ಳೆಯದೆಂದು ತಿಳಿದರು, ಅದರಿಂದ ತನಗೆ ಕಾಯಿಲೆ ಬಂತು ಎಂದು ಒಬ್ಬ ಬಾಂಗ್ಲಾ ಹಳ್ಳಿಗ ಲಂಡನ್ನಿನಲ್ಲಿ ದಾವೆ ಹೂಡಿದ. 2006ರಲ್ಲಿ ಹೌಸ್ ಆಫ್ ಲಾರ್ಡ್ಸ್ ಅದನ್ನು ತಳ್ಳಿಹಾಕಿತು. ಆ ನೀರಿನ ಮೇಲೆ ಸಂಸ್ಥೆಗೆ ಯಾವ ಅಧಿಕಾರವೂ ಇರಲಿಲ್ಲ, ಆ ಹಳ್ಳಿಗನಿಗೆ ಅದು ಯಾವ ಮಾತನ್ನೂ ಕೊಟ್ಟಿರಲಿಲ್ಲ, ಹಾಗಾಗಿ ಕಾನೂನಿನ ಹೊಣೆಯಿಲ್ಲ ಎಂಬುದು ತೀರ್ಪಿನ ಸಾರ. ಕಾನೂನಿನ ದೃಷ್ಟಿಯಿಂದ ಅದು ಸರಿಯಿರಬಹುದು. ಹುಡುಕದೆ ಬಿಟ್ಟದ್ದಕ್ಕೆಲ್ಲ ದಂಡ ಹಾಕತೊಡಗಿದರೆ ಯಾವ ವಿಜ್ಞಾನಿಯೂ ಬಾವಿಯ ಹತ್ತಿರ ಸುಳಿಯುವುದಿಲ್ಲ. ಆದರೆ ನನ್ನ ಮನಸ್ಸು ಅಲ್ಲಿಗೆ ನಿಲ್ಲಲಿಲ್ಲ. ಇಷ್ಟನ್ನು ನೋಡಿದೆ, ಇದನ್ನು ನೋಡಲಿಲ್ಲ ಎಂದು ವರದಿಯಲ್ಲಿ ಎದ್ದು ಕಾಣುವಂತೆ ಬರೆಯುವುದಕ್ಕೆ ಎಷ್ಟು ಶಾಯಿ ಬೇಕಿತ್ತು?

ಬರೆಯುವ ಮಾತು ಬಂದದ್ದರಿಂದ ನನ್ನ ಸಾಲವನ್ನೂ ಹೇಳಿಬಿಡುತ್ತೇನೆ. ಎಂಟು ವರ್ಷದ ಹಿಂದೆ ವಿಜ್ಞಾನ ಮೇಷ್ಟ್ರಾಗಿದ್ದ ಗೆಳೆಯನೊಬ್ಬ ಫ್ಲೋರೈಡ್ ಪರೀಕ್ಷೆಯ ಕಿಟ್ ತಂದು ನಮ್ಮ ಓಣಿಯ ಬೋರ್‌ವೆಲ್ ನೀರನ್ನು ನನ್ನ ಮುಂದೆಯೇ ನೋಡಿದ. ಹನಿ ಹಾಕಿದೊಡನೆ ಗುಲಾಬಿಯಾಗಿದ್ದುದು ಹಳದಿಗೆ ತಿರುಗಿತು. ಮಿತಿಗಿಂತ ಎಷ್ಟೋ ಹೆಚ್ಚು. ಓಣಿಯ ನಾಲ್ಕು ಹಿರಿಯರಿಗೆ ಹೇಳಿದೆವು. ಬೇಸಿಗೆ, ಬೇರೆ ನೀರಿಲ್ಲ, ಎರಡು ಮನೆಯಲ್ಲಿ ಮದುವೆ ಗೊತ್ತಾಗಿದೆ, ಈ ಓಣಿಯ ನೀರು ಹಲ್ಲು ಕೆಡಿಸುತ್ತದೆಂದು ಸುದ್ದಿ ಹಬ್ಬಿದರೆ ಹೆಣ್ಣು ಕೊಡುವವರು ತರುವವರು ಹಿಂಜರಿಯುತ್ತಾರೆ, ಮಳೆ ಬರಲಿ ನೋಡೋಣ ಎಂದರು. ಮೇಷ್ಟ್ರು ವಾದಿಸಿದ. ನಾನು ಹಿರಿಯರ ಪರ ಸೇರಿದೆ. ಜನ ಗಾಬರಿಯಾಗುತ್ತಾರೆ ಎಂಬ ಮಾತನ್ನು ನಾನೇ ಆಡಿದ್ದು. ನಾಲ್ಕು ತಿಂಗಳಿಗೆ ಯಾರ ಹಲ್ಲೂ ಹಾಳಾಗುವುದಿಲ್ಲ ಎಂದೂ ಹೇಳಿಕೊಂಡೆ. ಆದರೆ ಮರುದಿನದಿಂದಲೇ ನಮ್ಮ ಮನೆಗೆ ಇಪ್ಪತ್ತು ಲೀಟರಿನ ಕ್ಯಾನ್ ನೀರು ಬರತೊಡಗಿತು. ಅಮ್ಮಿ ಯಾಕೆಂದು ಕೇಳಿದಾಗ ಹೊಟ್ಟೆ ಸರಿಯಿಲ್ಲ ಎಂದೆ. ಪಕ್ಕದ ಮನೆಯ ಆರು ವರ್ಷದ ಹುಡುಗಿ ಅದೇ ಬೋರ್‌ವೆಲ್ಲಿನ ನಲ್ಲಿಗೆ ಬಾಯಿಟ್ಟು ಕುಡಿಯುವುದನ್ನು ನಾನು ಕಿಟಕಿಯಿಂದ ನೋಡುತ್ತಿದ್ದೆ. ಆ ಬೇಸಿಗೆಯಲ್ಲಿ ಎರಡು ಕಥೆ ಬರೆದೆ. ಎರಡರಲ್ಲೂ ನೀರಿನ ಮಾತಿರಲಿಲ್ಲ.

ನಮ್ಮ ದೇಶದ ಕುಡಿಯುವ ನೀರಿನ ಮಾನಕದಲ್ಲಿ ಒಂದು ವಿಚಿತ್ರ ಅಂಕಣವಿದೆ. ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ. ಆರ್ಸೆನಿಕ್‌ಗೂ ಹಾಗೆಯೇ 10 ಮೈಕ್ರೊಗ್ರಾಂ, ಬೇರೆ ಮೂಲವಿಲ್ಲದಿದ್ದರೆ 50 ಎಂದಿತ್ತು. 2015ರ ತಿದ್ದುಪಡಿಯಲ್ಲಿ ಆ ರಿಯಾಯಿತಿಯನ್ನು ತೆಗೆದರು. ಬರೆದವರನ್ನು ನಾನು ದೂರುವುದಿಲ್ಲ, ಬಾಯಾರಿ ಸಾಯುವುದಕ್ಕಿಂತ ಅದು ಮೇಲೆಂದು ಲೆಕ್ಕ ಹಾಕಿರುತ್ತಾರೆ. ಆದರೆ ಬೇರೆ ಮೂಲವಿಲ್ಲದವನ ಮೂಳೆಗೆ ತನಗೆ ಬೇರೆ ಮೂಲವಿಲ್ಲ ಎಂಬುದು ಗೊತ್ತಿರುತ್ತದೆಯೇ? ನಮ್ಮ ಓಣಿಯ ಹಿರಿಯರೂ ಆ ಅಂಕಣದ ಭಾಷೆಯಲ್ಲೇ ಮಾತಾಡಿದ್ದರು. ಓಣಿಯಲ್ಲಿ ಬೇರೆ ಮೂಲವಿದ್ದವನು ನಾನೊಬ್ಬ, ಅಂಗಡಿಯ ಕ್ಯಾನು.

ಬಂಗಾಳ ದೂರವೆಂದು ನಾವು ತಿಳಿಯಬೇಕಿಲ್ಲ. ನಮ್ಮ ಯಾದಗಿರಿ ಜಿಲ್ಲೆಯಲ್ಲೊಂದು ಮಂಗಳೂರಿದೆ. ಕಡಲ ತೀರದ್ದಲ್ಲ, ಹಳೆಯ ಚಿನ್ನದ ಗಣಿಯ ಊರು. ಆ ಗಣಿ ಸೀಮೆಯ ನೀರನ್ನೂ ದೀಪಂಕರ ಚಕ್ರವರ್ತಿಯವರ ತಂಡ ಪರೀಕ್ಷಿಸಿತು. 2013ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ 59 ಕೊಳವೆ ಬಾವಿಗಳ ನೀರಿನಲ್ಲಿ ಶೇಕಡಾ 79ರಷ್ಟು 10 ಮೈಕ್ರೊಗ್ರಾಂ ಮೀರಿದ್ದವು, ಒಂದರಲ್ಲಂತೂ 303. ಬಂಗಾಳದ ರೋಗಿಗಳ ಅಂಗೈ ನೋಡಿದ್ದ ಅದೇ ಕಣ್ಣುಗಳು ಇಲ್ಲಿಯ ಅಂಗೈಗಳಲ್ಲೂ ಅದೇ ಗಂಟುಗಳನ್ನು ಕಂಡವು. 2018ರಲ್ಲಿ ತೀರಿಕೊಂಡ ಆ ಮನುಷ್ಯ ಕಿಟ್‌ಗಳನ್ನು ಟೀಕಿಸಿದವರು. ಆದರೆ ನೋಡುವುದನ್ನು ಕೊನೆಯವರೆಗೂ ನಿಲ್ಲಿಸಲಿಲ್ಲ.

ಮಳೆ ಬಂದ ಮೇಲೆ ನಾನೂ ಮೇಷ್ಟ್ರೂ ಮನೆಮನೆಗೆ ಹೋಗಿ ಹೇಳಿದೆವು. ಪಕ್ಕದ ಮನೆಯಾಕೆ ಎರಡೇ ಮಾತು ಕೇಳಿದಳು. "ಹಾಗಾದರೆ ಯಾವ ನೀರು ಕುಡಿಯೋದು ಭಾಯಿ?" ನನ್ನಲ್ಲಿ ಉತ್ತರವಿರಲಿಲ್ಲ. "ನಿಮಗೆ ಯಾವಾಗ ಗೊತ್ತಾಯಿತು?" ಇದಕ್ಕೆ ಉತ್ತರವಿತ್ತು, ಹೇಳಿದೆ. ಆಕೆ ನಮ್ಮ ಬಾಗಿಲ ಬಳಿಯ ಖಾಲಿ ಕ್ಯಾನುಗಳನ್ನು ನೋಡಿ ಒಳಗೆ ಹೋದಳು. ಮೊದಲ ಪ್ರಶ್ನೆ ಹಿಡಿದುಕೊಂಡು ಮೇಷ್ಟ್ರು ಕಚೇರಿಗಳನ್ನು ಎರಡು ವರ್ಷ ಅಲೆದ ಮೇಲೆ ಓಣಿಯ ತುದಿಗೆ ಶುದ್ಧ ನೀರಿನ ಘಟಕ ಬಂತು. ಐದು ರೂಪಾಯಿ ನಾಣ್ಯ ಹಾಕಿದರೆ ಒಂದು ಕ್ಯಾನ್ ತುಂಬುತ್ತದೆ. ಆ ಎರಡು ವರ್ಷವೂ ಓಣಿ ಹಳದಿ ನೀರನ್ನೇ ಕುಡಿಯಿತು, ಆದರೆ ತಿಳಿದು ಕುಡಿಯಿತು. ಚಿಕ್ಕ ಮಕ್ಕಳಿಗಾದರೂ ಮಳೆನೀರು ಹಿಡಿದಿಟ್ಟು ಕೊಟ್ಟರು.

ಈದ್‌ನ ಮರುದಿನ ತಂಗಿಯ ಮಗ ಆ ಘಟಕಕ್ಕೆ ಹೋಗಿ ನೋಡಿದ. ಕಳೆದ ಮಳೆಗಾಲದಿಂದ ಅದು ಮುಚ್ಚಿಕೊಂಡಿದೆ. ನಾಣ್ಯದ ಪೆಟ್ಟಿಗೆ ತೆರೆಸಿದಾಗ ಒಳಗಿನ ಬೋರ್ಡಿನ ಮೇಲೆ ಹಸಿರು ಕಿಲುಬು ಹಬ್ಬಿತ್ತು. ನೇರಳೆ ದೀಪ ಹಿಡಿದ. ಎಲ್ಲೂ ನೀಲಿ ಹೊಳೆಯಲಿಲ್ಲ. "ಲೇಪ ಹಾಕಿಲ್ಲ ಮಾಮು, ಹಾಕಿದ್ದರೆ ಹೆಚ್ಚೇನೂ ಖರ್ಚಾಗುತ್ತಿರಲಿಲ್ಲ" ಎಂದ. ಮುಚ್ಚುವ ವಿದ್ಯೆಯನ್ನು ನಾನು ಹಗುರವಾಗಿ ಕಂಡಿದ್ದು ಆಗ ನೆನಪಾಯಿತು. ಬೋರ್ಡನ್ನು ಅವನು ಬೆಂಗಳೂರಿಗೆ ಒಯ್ದಿದ್ದಾನೆ. ಪಕ್ಕದ ಮನೆಯಾಕೆ ಈಗ ಮತ್ತೆ ಹಳೆಯ ಬೋರ್‌ವೆಲ್ಲಿನಿಂದಲೇ ನೀರು ತರುತ್ತಿದ್ದಾಳೆ. ಬೆಳಿಗ್ಗೆ ಕೊಡ ಹೊತ್ತು ಹೋಗುವಾಗ "ಬೋರ್ಡು ಬಂತಾ ಭಾಯಿ?" ಎಂದು ಕೇಳುತ್ತಾಳೆ.