ಬಂದೂಕಿನ ಬುಡದಲ್ಲೊಂದು ತೂಕ

ಎಂ-16 ರೈಫಲ್ಲನ್ನು ಹೆಗಲಿಗೆ ಆನಿಸುವ ಬುಡದ ಭಾಗದೊಳಗೆ ಇರುವುದು ಮುಖ್ಯವಾಗಿ ಎರಡೇ. ಒಂದು ಉದ್ದನೆಯ ಸ್ಪ್ರಿಂಗು. ಅದರ ತುದಿಗೆ ಗೇಣಿಗಿಂತ ಗಿಡ್ಡದಾದ ಒಂದು ಅಲ್ಯೂಮಿನಿಯಂ ಕೊಳವೆ. ಬಫರ್ ಎಂದು ಕರೆಯುವ ಈ ಕೊಳವೆಯ ತೂಕ ಸುಮಾರು 150 ಗ್ರಾಂ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗಿರುವ ಉಕ್ಕಿನ ಬಿಲ್ಲೆಗಳು ಹಿಂದಕ್ಕೂ ಮುಂದಕ್ಕೂ ಸರಿದು ಟಕ್ ಟಕ್ ಎನ್ನುತ್ತವೆ. ಏನೋ ಸಡಿಲವಾಗಿದೆ, ಕೆಟ್ಟಿದೆ ಎಂದು ಯಾರಿಗಾದರೂ ಅನ್ನಿಸಬೇಕು. ಆದರೆ ಆ ಸಡಿಲವನ್ನು ಬೇಕೆಂದೇ ಬಿಟ್ಟಿದ್ದಾರೆ. 1966ರ ಕೊನೆಯ ತನಕ ಸೈನಿಕರ ಕೈಗೆ ಹೋದ ರೈಫಲ್ಲುಗಳಲ್ಲಿ ಈ ಬಿಲ್ಲೆಗಳು ಇರಲಿಲ್ಲ. ಅವು ಅಲ್ಲಿಗೆ ಬಂದ ಕತೆಯನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಯೂಜಿನ್ ಸ್ಟೋನರ್ 1950ರ ದಶಕದಲ್ಲಿ ಆರ್ಮಲೈಟ್ ಕಂಪನಿಯಲ್ಲಿದ್ದಾಗ ರೂಪಿಸಿದ ಬಂದೂಕು ಇದು. ನಳಿಗೆ, ಬೋಲ್ಟು, ಸ್ಪ್ರಿಂಗು, ಹೆಗಲು ಎಲ್ಲ ಒಂದೇ ಗೆರೆಯಲ್ಲಿ ಬರುವಂತೆ ಅವರು ಕೂರಿಸಿದರು. ಆದ್ದರಿಂದ ಗುಂಡು ಹಾರಿದಾಗ ಒದೆತ ನೇರವಾಗಿ ಹಿಂದಕ್ಕೆ ಬರುತ್ತದೆ, ನಳಿಗೆಯ ಮೂತಿ ಮೇಲಕ್ಕೆ ಹಾರುವುದು ಕಡಿಮೆ. ಗುಂಡು ನಳಿಗೆಯ ಒಂದು ಸಣ್ಣ ತೂತನ್ನು ದಾಟುತ್ತಿದ್ದಂತೆ ಅಲ್ಲಿಂದ ಸ್ವಲ್ಪ ಬಿಸಿ ಅನಿಲ ಹಿಂದಕ್ಕೆ ನುಗ್ಗಿ ಬೋಲ್ಟಿನ ವಾಹಕವನ್ನು ತಳ್ಳುತ್ತದೆ. ಬೋಲ್ಟು ತಿರುಗಿ ಬೀಗ ಬಿಡುತ್ತದೆ, ಖಾಲಿ ತೋಟಾವನ್ನು ಎಳೆದು ಹೊರಗೆಸೆಯುತ್ತದೆ. ವಾಹಕ ಬುಡದೊಳಕ್ಕೆ ಸರಿದು ಬಫರನ್ನೂ ಸ್ಪ್ರಿಂಗನ್ನೂ ಒತ್ತುತ್ತದೆ, ಸ್ಪ್ರಿಂಗು ಮತ್ತೆ ಮುಂದಕ್ಕೆ ತಳ್ಳಿದಾಗ ಮ್ಯಾಗಜೀನಿನಿಂದ ಹೊಸ ತೋಟಾ ಏರುತ್ತದೆ. ನಿಮಿಷಕ್ಕೆ 800 ಗುಂಡಿನ ಲೆಕ್ಕದಲ್ಲಿ ಈ ಇಡೀ ಸುತ್ತು ಮುಗಿಯಲು ಸಿಗುವುದು 0.075 ಸೆಕೆಂಡು.

ಆ ಚೂರು ಹೊತ್ತಿನಲ್ಲೇ ಇನ್ನೊಂದು ಕೆಲಸವೂ ಆಗಬೇಕು. ಮದ್ದು ಉರಿದಾಗ ತೋಟಾದ ಹಿತ್ತಾಳೆಯ ಕವಚ ಉಬ್ಬಿ ನಳಿಗೆಯ ಬುಡದ ಗೋಡೆಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಒತ್ತಡ ಇಳಿದು, ಅದು ಕುಗ್ಗಿ, ಗೋಡೆಯನ್ನು ಬಿಟ್ಟ ಮೇಲೆ ಎಳೆದರೆ ಸಲೀಸಾಗಿ ಬರುತ್ತದೆ. ಅದಕ್ಕಿಂತ ಮೊದಲೇ ಎಳೆದರೆ ಕವಚವನ್ನು ಹಿಡಿದೆಳೆಯುವ ಬೋಲ್ಟಿನ ಕೊಕ್ಕೆ ಜಾರುತ್ತದೆ ಅಥವಾ ಕವಚದ ಅಂಚನ್ನೇ ಹರಿದುಕೊಂಡು ಬರುತ್ತದೆ. ಕವಚ ಒಳಗೇ ಉಳಿಯುತ್ತದೆ.

1964ರಲ್ಲಿ ಅಮೆರಿಕದ ಸೇನೆ ತೋಟಾದ ಮದ್ದನ್ನು ಬದಲಾಯಿಸಿತು. ಮೊದಲಿನ ಮದ್ದಿನಿಂದ ಬೇಕಾದ ವೇಗವನ್ನು ಒತ್ತಡದ ಮಿತಿಯೊಳಗೆ ಪಡೆಯುವುದು ಕಷ್ಟವಾಗಿತ್ತು. ಸೇನೆಗೆ ಹಳೆಯ ಪರಿಚಯವಿದ್ದ, ಗುಂಡಗಿನ ಕಾಳುಗಳ ಬಾಲ್ ಮದ್ದು ಬಂತು. ಅದು ಕೊಡುವ ವೇಗ ಸರಿಯಾಗಿತ್ತು. ಆದರೆ ಅನಿಲದ ತೂತಿನ ಹತ್ತಿರ ಒತ್ತಡ ಹೆಚ್ಚಿತು, ಬಂದೂಕಿನ ಓಟ ನಿಮಿಷಕ್ಕೆ ಸಾವಿರದ ಹತ್ತಿರ ಹೋಯಿತು, ಒಳಗೆ ಕಟ್ಟುವ ಮಸಿಯೂ ಜಾಸ್ತಿಯಾಯಿತು. ಇನ್ನೊಂದು ಲೋಪವೂ ಇತ್ತು. ತೇವದ ನಾಡಿನಲ್ಲಿ ತುಕ್ಕು ಹಿಡಿಯದಂತೆ ತೋಟಾ ಕೂರುವ ಜಾಗಕ್ಕೆ ಕ್ರೋಮ್ ಲೇಪಿಸಬೇಕೆಂದು ಎರಡನೇ ಮಹಾಯುದ್ಧದ ಪೆಸಿಫಿಕ್ ದ್ವೀಪಗಳಲ್ಲೇ ಸೇನೆ ಕಲಿತಿತ್ತು. ಈ ರೈಫಲ್ಲಿಗೆ ಅದನ್ನು ಮಾಡಿರಲಿಲ್ಲ.

ಇದೆಲ್ಲ ಸೇರಿದ್ದು ವಿಯೆಟ್ನಾಮಿನ ಕಾಡಿನಲ್ಲಿ. 1967ರ ಏಪ್ರಿಲ್-ಮೇ ತಿಂಗಳುಗಳಲ್ಲಿ ಖೆ ಸಾನ್ ಸುತ್ತಲಿನ ಗುಡ್ಡಗಳ ಮೇಲೆ ನಡೆದ ಕಾಳಗದಲ್ಲಿ ಮರೀನ್ ಸೈನಿಕರ ರೈಫಲ್ಲುಗಳು ಗುಂಡು ಹಾರಿಸುತ್ತಲೇ ಕಚ್ಚಿಕೊಂಡು ನಿಂತವು. ಸಿಕ್ಕಿಕೊಂಡ ಕವಚವನ್ನು ತೆಗೆಯಲು ಇದ್ದದ್ದು ಒಂದೇ ದಾರಿ: ಶುಚಿಗೊಳಿಸುವ ಸರಳನ್ನು ತುಂಡು ತುಂಡಾಗಿ ಜೋಡಿಸಿ, ನಳಿಗೆಯ ಬಾಯಿಯಿಂದ ಇಳಿಸಿ, ಕುಟ್ಟಿ ಹೊರಗೆ ತಳ್ಳುವುದು. ನಮ್ಮ ಮಲೆನಾಡಿನಲ್ಲಿ ಕೇಪಿನ ಕೋವಿಗೆ ಮದ್ದು ಗಿಡಿಯುತ್ತಿದ್ದವರು ಹೀಗೆ ಮೂತಿಯಿಂದ ಸರಳು ಇಳಿಸುತ್ತಿದ್ದರು. ಎದುರಿನಿಂದ ಗುಂಡು ಬರುತ್ತಿರುವಾಗ, ಕೈಯಲ್ಲಿ ಆ ಕಾಲದ ಅತ್ಯಾಧುನಿಕ ಬಂದೂಕು ಇದ್ದೂ, ಹತ್ತೊಂಬತ್ತು-ಇಪ್ಪತ್ತರ ಹುಡುಗನೊಬ್ಬ ಅದನ್ನೇ ಮಾಡಬೇಕಾಯಿತು. ಎಷ್ಟೋ ಜನರಿಗೆ ಆ ಸರಳೂ ಇರಲಿಲ್ಲ. ಈ ಬಂದೂಕನ್ನು ಒರೆಸುವ ಗೊಡವೆಯೇ ಇಲ್ಲ ಎಂಬ ಮಾತು ಮೊದಲು ಹಬ್ಬಿತ್ತು, ಶುಚಿಗೊಳಿಸುವ ಸಾಮಾನು ಸಾಕಷ್ಟು ಹೋಗಿರಲಿಲ್ಲ. ಕೆಟ್ಟ ಸುದ್ದಿ ಬಂದಾಗ ಮೇಲಿನವರು ಕೊಟ್ಟ ಉತ್ತರ ಮಾತ್ರ ಸಿದ್ಧವಾಗಿತ್ತು: ಸೈನಿಕರು ಬಂದೂಕನ್ನು ಸರಿಯಾಗಿ ನೋಡಿಕೊಳ್ಳುತ್ತಿಲ್ಲ.

ಬಫರಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಈ ಕತೆಯಲ್ಲಿ ಮನಸ್ಸಿಗೆ ಸಮಾಧಾನ ಕೊಡುವ ಭಾಗ ಅದೊಂದೇ. ಮೊದಲಿನ ಬಫರು ಹಗುರವಾಗಿತ್ತು. ಓಟ ಹೆಚ್ಚಿದಾಗ ವಾಹಕ ಮುಂದಕ್ಕೆ ರಪ್ಪನೆ ಬಡಿದು ಒಂದಿಷ್ಟು ಹಿಂದಕ್ಕೆ ಪುಟಿಯುತ್ತಿತ್ತು. ಅದೇ ಗಳಿಗೆಗೆ ತೋಟಾವನ್ನು ಸಿಡಿಸುವ ಸುತ್ತಿಗೆ ಬಿದ್ದರೆ ಪೆಟ್ಟು ಸೋರಿಹೋಗಿ ಗುಂಡು ಹಾರುತ್ತಿರಲಿಲ್ಲ. ಈ ರೈಫಲ್ಲನ್ನು ತಯಾರಿಸುತ್ತಿದ್ದ ಕೋಲ್ಟ್ ಕಂಪನಿಯ ಎಂಜಿನಿಯರರು ಕೊಳವೆಯೊಳಗೆ ಉಕ್ಕಿನ ಬಿಲ್ಲೆಗಳನ್ನು ತುಂಬಿ, ನಡುನಡುವೆ ರಬ್ಬರ್ ಇಟ್ಟು, ಸರಿದಾಡಲು ಸ್ವಲ್ಪ ಜಾಗ ಬಿಟ್ಟರು. ಕೊಳವೆ ಪುಟಿಯಲು ನೋಡಿದಾಗ ಇನ್ನೂ ಮುಂದಕ್ಕೇ ಓಡುತ್ತಿರುವ ಬಿಲ್ಲೆಗಳು ಅದನ್ನು ಅದುಮಿ ಹಿಡಿಯುತ್ತವೆ. ಮರಳು ತುಂಬಿದ ಚೀಲ ನೆಲಕ್ಕೆ ಬಿದ್ದರೆ ಪುಟಿಯದೆ ಕೂರುವುದು ಹೀಗೆಯೇ. ತೂಕ ಹೆಚ್ಚಿದ್ದರಿಂದ ವಾಹಕ ಹಿಂದಕ್ಕೆ ಹೋಗುವ ಆತುರವೂ ತಗ್ಗಿತು, ಬಂದೂಕಿನ ಓಟ ಹತೋಟಿಗೆ ಬಂತು. ಹೆಗಲಿಗೆ ಬೀಳುವ ಪೆಟ್ಟು ಮೆತ್ತಗಾಗುವುದೂ ಇದೇ ಕಾರಣಕ್ಕೆ. ಗುಂಡಿನ ಬಲ ಕಡಿಮೆಯಾಗುವುದಿಲ್ಲ, ಅದೇ ಒದೆತ ಸ್ವಲ್ಪ ಹೆಚ್ಚು ಹೊತ್ತಿನಲ್ಲಿ ಹರಡಿ ಬರುತ್ತದೆ.

ಇಂದಿಗೂ ಈ ಜಾತಿಯ ಬಂದೂಕು ಇಟ್ಟುಕೊಂಡವರು ಅಮೆರಿಕದಲ್ಲಿ ಬಫರನ್ನು ಬದಲಾಯಿಸುವುದು ಇದಕ್ಕಾಗಿಯೇ. ನಳಿಗೆ 20 ಇಂಚಿನಿಂದ 14.5 ಇಂಚಿಗೆ ಇಳಿದ ಎಂ-4 ಕಾರ್ಬೈನಿನಲ್ಲಿ ಅನಿಲದ ತೂತು ಬುಡಕ್ಕೆ ಇನ್ನೂ ಹತ್ತಿರ, ಒತ್ತಡ ಇನ್ನೂ ಜಾಸ್ತಿ. ಅದರ ಗಿಡ್ಡ ಬಫರಿನಲ್ಲಿ ಮೂರು ಬಿಲ್ಲೆಗಳು. ಮೂರೂ ಉಕ್ಕಿನವಾದರೆ ಸುಮಾರು 85 ಗ್ರಾಂ. ಒಂದೊಂದೇ ಬಿಲ್ಲೆಯನ್ನು ತೆಗೆದು ಟಂಗ್‌ಸ್ಟನ್ ಹಾಕುತ್ತ ಹೋದರೆ 150 ಗ್ರಾಂ ದಾಟುತ್ತದೆ. ಹಾಗೆಂದು ತೂಕ ಏರಿಸುತ್ತಲೇ ಹೋಗುವಂತಿಲ್ಲ. ಚಳಿಯಲ್ಲಿ ಎಣ್ಣೆ ಗಟ್ಟಿಯಾದಾಗ, ಮಸಿ ಕಟ್ಟಿದಾಗ, ತೋಟಾ ಸಪ್ಪೆಯಾಗಿದ್ದಾಗ ಭಾರದ ವಾಹಕ ಪೂರ್ತಿ ಹಿಂದಕ್ಕೆ ಹೋಗದೆ ಮುಂದಿನ ತೋಟಾವನ್ನು ಎತ್ತಿಕೊಳ್ಳುವುದೇ ಇಲ್ಲ. ಬಲ್ಲವರು ಮೊದಲು ಖಾಲಿ ಕವಚ ಯಾವ ಕಡೆಗೆ ಹಾರಿ ಬೀಳುತ್ತಿದೆ ಎಂದು ನೋಡುತ್ತಾರೆ. ಮುಂದಕ್ಕೆ ಎಸೆದರೆ ಓಟ ಹೆಚ್ಚು, ಹಿಂದಕ್ಕೆ ಬಿದ್ದರೆ ಕಡಿಮೆ ಎಂಬುದು ಅವರ ಅಂದಾಜು.

ಇಷ್ಟು ಬಲ್ಲ ಜನ 1964ರಲ್ಲಿ ಇರಲಿಲ್ಲವೇ? ಇದ್ದರು. ಹೊಸ ಮದ್ದಿನಿಂದ ಬಂದೂಕು ಮಿತಿ ಮೀರಿ ಓಡುತ್ತದೆ ಎಂದು ಕೋಲ್ಟ್ ಕಂಪನಿ ಸೇನೆಗೆ ತಿಳಿಸಿತ್ತು, ಅಂಥ ತೋಟಾ ಹಾಕಿದರೆ ತಮ್ಮ ರೈಫಲ್ಲು ಒಪ್ಪಿಗೆಯ ಪರೀಕ್ಷೆಯನ್ನು ದಾಟಲಾರದು ಎಂದಿತ್ತು. ಹಾಗಾದರೆ ಪರೀಕ್ಷೆಗೆ ಹಳೆಯ ಮದ್ದಿನ ತೋಟಾವನ್ನೇ ಬಳಸಿ ಎಂದು ಸೇನೆ ಅನುಮತಿ ಕೊಟ್ಟಿತು. ಕಾರ್ಖಾನೆಯಲ್ಲಿ ಒಂದು ಮದ್ದು, ಕಾಡಿನಲ್ಲಿ ಇನ್ನೊಂದು. ಹಾಗೆ ಪಾಸಾದ ರೈಫಲ್ಲುಗಳು ಹಡಗು, ವಿಮಾನ ಹತ್ತಿ ಹೋದವು. ಇಡೀ ಪ್ರಕರಣದಲ್ಲಿ ನನಗೆ ಕ್ಷಮಿಸಲಾಗದ್ದು ಇದು. ಮದ್ದು ಬದಲಾಯಿಸಿದ್ದು ತಪ್ಪು ಲೆಕ್ಕಾಚಾರ ಇರಬಹುದು, ಕ್ರೋಮ್ ಬಿಟ್ಟಿದ್ದು ಜಿಪುಣತನ ಇರಬಹುದು. ಪರೀಕ್ಷೆಗೆ ಬೇರೆ ತೋಟಾ ಕೊಟ್ಟವರಿಗೆ ಮಾತ್ರ ತಾವು ಮಾಡುತ್ತಿರುವುದೇನು ಎಂದು ಗೊತ್ತಿತ್ತು.

ಮರೀನ್ ಸೈನಿಕನೊಬ್ಬ ಮನೆಗೆ ಬರೆದ ಪತ್ರ ಪತ್ರಿಕೆಯಲ್ಲಿ ಅಚ್ಚಾಗಿ ಅಮೆರಿಕದ ಸಂಸತ್ತಿನಲ್ಲಿ ಗದ್ದಲವಾಯಿತು. ಸಂಸದ ರಿಚರ್ಡ್ ಐಕಾರ್ಡ್ ನೇತೃತ್ವದ ಉಪಸಮಿತಿ 1967ರ ಅಕ್ಟೋಬರಿನಲ್ಲಿ ವರದಿ ಕೊಟ್ಟಿತು. ಅಧಿಕಾರಿಗಳ ವರ್ತನೆ ಅಪರಾಧಕ್ಕೆ ಸಮನಾದ ನಿರ್ಲಕ್ಷ್ಯದ ಅಂಚಿಗೆ ಬಂದಿದೆ ಎಂದು ಅದು ಬರೆಯಿತು. ತೋಟಾ ಕೂರುವ ಜಾಗಕ್ಕೆ ಕ್ರೋಮ್ ಬಂತು, ಶುಚಿಗೊಳಿಸುವ ಸಾಮಾನು ಬಂತು, 1968ರಲ್ಲಿ ಕಾಮಿಕ್ಸ್ ಕಲಾವಿದ ವಿಲ್ ಐಸ್ನರ್ ಚಿತ್ರಗಳ ಕೈಪಿಡಿಯೂ ಬಂತು. ಬಾಲ್ ಮದ್ದನ್ನು ಮಾತ್ರ ಹಿಂತೆಗೆಯಲಿಲ್ಲ. ಮಸಿಗೆ ಕಾರಣವಾಗಿದ್ದ ಕ್ಯಾಲ್ಸಿಯಂ ಕಾರ್ಬೋನೇಟಿನ ಅಂಶವನ್ನು ಅದರಲ್ಲಿ ಇಳಿಸಿದ್ದು ಇನ್ನೂ ಕೆಲವು ವರ್ಷಗಳ ನಂತರ. ಬಿಲ್ಲೆ ತುಂಬಿದ ಆ ಬಫರು ಚೊಕ್ಕ ಕೆಲಸ, ಅದನ್ನು ಮಾಡಿದವರ ಕೈಗೆ ನಮಸ್ಕರಿಸುತ್ತೇನೆ. ಆದರೆ ಅದನ್ನು ಮಾಡಬೇಕಿದ್ದದ್ದು ಹೊಸ ಮದ್ದಿನ ಮೊದಲ ಪೆಟ್ಟಿಗೆ ವಿಯೆಟ್ನಾಮಿಗೆ ಹೊರಡುವ ಮುಂಚೆ.